ಎಳೆ ಬಿಚ್ಚದ ಬಟ್ಟೆಯ ಪರ್ಸ್

ಮಕ್ಕಳೇ, ಹಳೆಯ ಹತ್ತಿ ಬಟ್ಟೆಯನ್ನು ಕತ್ತರಿಸಿ ಅದರ ಅಂಚನ್ನು ನೋಡಿ. ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಏಕೆ ಗೊತ್ತೇ? ಬಟ್ಟೆಯಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು ಎಂಬ ನೂಲುಗಳಿರುತ್ತವೆ. ಅವು ಒಂದರ ಮೇಲೊಂದು ಹಾದು, ಘರ್ಷಣೆಯಿಂದ ಪರಸ್ಪರ ಹಿಡಿದುಕೊಂಡಿರುತ್ತವೆ. ಅಂಚಿನ ಎಳೆಗೆ ಹೊರಬದಿಯಲ್ಲಿ ಹಿಡಿತವಿಲ್ಲ. ಆದ್ದರಿಂದ ಅದು ಜಾರುತ್ತದೆ.

ಈಗ ಬಟ್ಟೆಯನ್ನು ನೂಲಿನ ನೇರಕ್ಕೆ ಎಳೆಯಿರಿ. ಅದು ಹೆಚ್ಚು ಹಿಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆಯಿರಿ. ಚೆನ್ನಾಗಿ ಹಿಗ್ಗುತ್ತದೆ! ನೂಲುಗಳ ನಡುವಿನ ಚೌಕಗಳು ಆಗ ಓರೆಯಾಗುತ್ತವೆ. ಆದ್ದರಿಂದ ಪರ್ಸ್‌ಗೆ ಬಟ್ಟೆಯನ್ನು ನೂಲಿನ ನೇರಕ್ಕೇ ಕತ್ತರಿಸಬೇಕು. ಇಲ್ಲದಿದ್ದರೆ ನಾಣ್ಯಗಳ ಭಾರಕ್ಕೆ ಅದು ಜೋತುಬೀಳುತ್ತದೆ.

ಬೇಕಾಗುವ ಸಾಮಗ್ರಿಗಳು: 34 ಸೆಂ.ಮೀ. ಉದ್ದ, 16 ಸೆಂ.ಮೀ. ಅಗಲದ ಹತ್ತಿ ಬಟ್ಟೆ, ಸೂಜಿ, ದಾರ, ಕತ್ತರಿ, ಅಳತೆಪಟ್ಟಿ, ಒಂದು ಗುಂಡಿ, ಬಣ್ಣದ ಮಣಿಗಳು, ಚಮಕಿ.

ಮಾಡುವ ವಿಧಾನ:
1. ನಾಲ್ಕೂ ಅಂಚುಗಳನ್ನು 1 ಸೆಂ.ಮೀ.ನಂತೆ ಎರಡು ಸಲ ಒಳಕ್ಕೆ ಮಡಚಿ ಹೊಲಿಯಿರಿ. ಕತ್ತರಿಸಿದ ಎಳೆಗಳು ಮಡಿಕೆಯೊಳಗೆ ಸಿಕ್ಕಿಕೊಳ್ಳುತ್ತವೆ.
2. ಒಂದು ತುದಿಯಿಂದ 11 ಸೆಂ.ಮೀ. ಮೇಲಕ್ಕೆ ಮಡಚಿದರೆ ಜೇಬು. ಉಳಿದ ತುದಿಯ 8 ಸೆಂ.ಮೀ. ಮುಚ್ಚಳ.
3. ಮಡಿಕೆ ಬಿಡಿಸಿ, ಮುಚ್ಚಳದ ಹೊರಬದಿಗೆ ಮಣಿ, ಚಮಕಿ ಹೊಲಿಯಿರಿ. ಜೇಬಿನ ಮುಂಭಾಗಕ್ಕೆ ಗುಂಡಿ ಹಾಕಿ.
4. ಮತ್ತೆ ಮಡಚಿ, ಜೇಬಿನ ಎರಡೂ ಬದಿಗಳನ್ನು ಒತ್ತಾಗಿ ಹೊಲಿಯಿರಿ. ಹೊಲಿಗೆಗಳು ಹತ್ತಿರವಿದ್ದಷ್ಟೂ ಭಾರ ಹೆಚ್ಚು ಹೊಲಿಗೆಗಳಿಗೆ ಹಂಚಿಹೋಗುತ್ತದೆ.
5. ಮುಚ್ಚಳದ ತುದಿಗೆ ದಾರದ ಕುಣಿಕೆ ಹಾಕಿ ಗುಂಡಿಗೆ ಸಿಕ್ಕಿಸಿ. ಪರ್ಸ್ ಸಿದ್ಧ!

ಎಚ್ಚರಿಕೆ: ಸೂಜಿ, ಕತ್ತರಿ ಬಳಸುವಾಗ ದೊಡ್ಡವರು ಜೊತೆಯಲ್ಲಿರಲಿ.

ಪರೀಕ್ಷಿಸಿ: ಅಂಚು ಮಡಚಿ ಹೊಲಿದ ಒಂದು ತುಂಡು, ಹೊಲಿಯದ ಒಂದು ತುಂಡು ತೆಗೆದುಕೊಳ್ಳಿ. ಎರಡನ್ನೂ ನೀರಿನಲ್ಲಿ 20 ಸಲ ಉಜ್ಜಿ ಒಣಗಿಸಿ. ಯಾವುದರಲ್ಲಿ ಎಳೆ ಬಿಚ್ಚಿತು? ನಿಮ್ಮ ಸಮವಸ್ತ್ರದ ಅಂಚನ್ನೂ ಒಮ್ಮೆ ತಿರುಗಿಸಿ ನೋಡಿ.