ಚಿಬ್ಬು ತೊನ್ನಲ್ಲ

ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ಕಬ್ಬಿನ ಹೊಲಗಳಲ್ಲಿ ಬೆವರಿ ದುಡಿಯುವವರ ಎದೆ, ಬೆನ್ನು, ಕುತ್ತಿಗೆಗಳ ಮೇಲೆ ಮಾಸಲು ಬಿಳಿ ಇಲ್ಲವೆ ಕಂದು ಮಚ್ಚೆಗಳೇಳುವುದುಂಟು. ಇದೇ ಚಿಬ್ಬು. ಇದನ್ನು ತೊನ್ನೆಂದು ಭ್ರಮಿಸಿ, ಕೂಡಿಬಂದ ಸಂಬಂಧವನ್ನೇ ಮುರಿಯುವವರಿದ್ದಾರೆ. ತೊನ್ನೂ ಅಂಟುವ ರೋಗವಲ್ಲವೆಂಬುದು ಬೇರೆ ಮಾತು.

ಇದನ್ನು ಹೋಲುವ ‘ಸಿಧ್ಮ’ವನ್ನು ಚರಕಸಂಹಿತೆಯು ಸೋರೆಹೂವಿನ ಬಣ್ಣದ್ದು, ಉಜ್ಜಿದರೆ ಹುಡಿಯುದುರುವಂಥದ್ದು, ಹೆಚ್ಚಾಗಿ ಎದೆಯ ಮೇಲೆ ಕಾಣುವಂಥದ್ದು ಎಂದು ವರ್ಣಿಸಿದೆ. ಆ ಹುಡಿಯೇ ಗುರುತು. ತೊನ್ನಿನ ಮಚ್ಚೆ ಹಾಲಿನಂತೆ ಬಿಳುಪು. ಕೆರೆದರೆ ಹುಡಿ ಬಾರದು. ಮಚ್ಚೆಯ ಜಾಗದಲ್ಲಿ ಸ್ಪರ್ಶಜ್ಞಾನ ಕುಂದಿದ್ದರೆ ಕುಷ್ಠರೋಗದ ಶಂಕೆಯುಂಟು. ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು.

ಚಿಬ್ಬಿಗೆ ಕಾರಣ ಮಲಸೇಝಿಯ ಎಂಬ ಯೀಸ್ಟ್. ಅದು ನಮ್ಮೆಲ್ಲರ ಚರ್ಮದ ಮೇಲೂ ಸಹಜವಾಗಿ ವಾಸಿಸುತ್ತದೆ. ಸೆಕೆ, ಬೆವರು ಹೆಚ್ಚಿದಾಗ ಮಿತಿಮೀರಿ ಬೆಳೆಯುತ್ತದೆ. ಆದ್ದರಿಂದ ಇದು ಒಬ್ಬರಿಂದೊಬ್ಬರಿಗೆ ಅಂಟುವಂಥದ್ದಲ್ಲ. ಜಿಡ್ಡೇ ಅದರ ಆಹಾರ. ಎಣ್ಣೆಯ ಗುಣವನ್ನು ಬಲ್ಲ ಆಯುರ್ವೇದದವನಾಗಿಯೂ ಹೇಳುತ್ತೇನೆ, ಚಿಬ್ಬಿನ ಮೇಲೆ ಎಣ್ಣೆ ತಿಕ್ಕಬೇಡಿ. ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮೂ ಬೇಡ. ವೈದ್ಯರ ಸಲಹೆಯಂತೆ ಶೇ. 2ರ ಕೀಟೋಕೊನಜೋಲ್ ಶಾಂಪೂವನ್ನು ಮಚ್ಚೆಗಳಿಗೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಬಹುದು.

ಯೀಸ್ಟ್ ಅಡಗಿದರೂ ಚರ್ಮದ ಬಣ್ಣ ಮರಳಲು ತಿಂಗಳುಗಳೇ ಹಿಡಿಯುತ್ತವೆ. ಹುಡಿ ನಿಂತಿದ್ದರೆ ಔಷಧ ಫಲಿಸಿದೆಯೆಂದೇ ತಿಳಿಯಬೇಕು. ಮುಂದಿನ ಬೇಸಿಗೆಯಲ್ಲಿ ಮರುಕಳಿಸಿದರೂ ಗಾಬರಿ ಬೇಡ, ಮತ್ತೆ ವೈದ್ಯರಿಗೆ ತೋರಿಸಿ.