ಈಜುಕೊಳದ ಅಂಚಿನ ಬೆರಳಗಲದ ಸಂದು

ಯಳಂದೂರಿನ ಬಳೇಮಂಟಪವನ್ನು ಕಂಡವರು ಅಲ್ಲಿ ತೂಗುವ ಕಲ್ಲಿನ ಬಳೆಗಳ ಸರಪಣಿಯನ್ನು ಮರೆಯಲಾರರು. ಕಲ್ಲು ಬಾಗದು, ಜಗ್ಗದು. ಆದರೂ ಶಿಲ್ಪಿಯು ಬಳೆಗೂ ಬಳೆಗೂ ನಡುವೆ ತೆರವನ್ನುಳಿಸಿದ್ದರಿಂದ ಆ ಸರಪಣಿ ಅಲುಗಬಲ್ಲದು. ಆ ತೆರವಿನಲ್ಲಿ ಗಾರೆ ತುಂಬಿದರೆ ಸರಪಣಿ ಸರಪಣಿಯಾಗಿ ಉಳಿಯದು. ಕಟ್ಟಡದಲ್ಲಿ ಕಲ್ಲಿಗೆಷ್ಟು ಬೆಲೆಯೋ ತೆರವಿಗೂ ಅಷ್ಟೇ ಬೆಲೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಬೇಕಿಲ್ಲ.

ಇಂತಹುದೇ ಒಂದು ತೆರವು ಇಂದಿನ ಈಜುಕೊಳಗಳ ಸುತ್ತಲೂ ಇರುತ್ತದೆ. ಹಿಂದೆ ಕೊಳ್ಳೇಗಾಲ, ಹನೂರು ಸೀಮೆಯ ಹುಡುಗರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದುದು ತೋಟದ ಬಾವಿಯಲ್ಲಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಬಾವಿಯಲ್ಲಿ ಪ್ರತಿಯೊಂದು ಸಂದೂ ನೀರಿಗೆ ದಾರಿ, ಕಲ್ಲಿನ ಅಲುಗಾಟಕ್ಕೆ ಅವಕಾಶ. ಕಾಂಕ್ರೀಟಿನ ಕೊಳ ಹಾಗಲ್ಲ. ಅದು ಒಂದೇ ಎರಕದ ದೊಡ್ಡ ಬಾನಿ. ಅದರ ಅಲುಗಾಟಕ್ಕೆ ಪ್ರತ್ಯೇಕವಾಗಿಯೇ ಎಡೆಮಾಡಿಕೊಡಬೇಕು. ಕೊಳದ ಅಂಚುಗಲ್ಲಿಗೂ ಸುತ್ತಣ ಜಗಲಿಯ ಚಪ್ಪಡಿಗೂ ನಡುವೆ ಬಿಡುವ, ಸುಮಾರು 12 ಮಿಲಿಮೀಟರ್ ಅಗಲದ ಆ ಸಂದನ್ನೇ ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಎನ್ನುತ್ತಾರೆ. ನಾವು ಹಿಗ್ಗುಸಂದು ಎನ್ನೋಣ.

ಹಿಗ್ಗುವ ಕಲ್ಲು

ಹತ್ತು ಮೀಟರ್ ಉದ್ದದ ಕಾಂಕ್ರೀಟು ಹಾಸು 30 ಡಿಗ್ರಿಯಷ್ಟು ಕಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಎರಡು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದಿಟ್ಟ ದಪ್ಪ ಅದು. ಅಲ್ಪವೆಂದು ತೋರಿದರೂ ಅದನ್ನು ತಡೆದರೆ ಹುಟ್ಟುವ ಒತ್ತಡ ಅಲ್ಪವಲ್ಲ. ಬೇಸಗೆಯ ಮಧ್ಯಾಹ್ನ ಜಗಲಿಯು ಬಿಸಿಲಿಗೆ ಕಾಯುತ್ತದೆ. ಕೊಳದ ಗೋಡೆ ನೀರಿನಿಂದಾಗಿ ತಂಪಾಗಿಯೇ ಇರುತ್ತದೆ. ಒಂದು ಹಿಗ್ಗುವಾಗ ಇನ್ನೊಂದು ಸುಮ್ಮನಿರುವುದರಿಂದ ಇವೆರಡನ್ನೂ ಬಿಗಿಯಾಗಿ ಬೆಸೆಯಲಾಗದು.

ಈ ಸಂದನ್ನು ತುಂಬಿರುವ ರಬ್ಬರಿನಂತಹ ವಸ್ತು ವರ್ಷಗಳ ಬಿಸಿಲಿಗೆ ಗಡುಸಾಗಿ, ಬಿರಿದು, ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಮಳೆನೀರು ಒಳಗಿಳಿದು ಜಗಲಿಯ ಕೆಳಗಿನ ಮಣ್ಣನ್ನು ಕೊರೆಯುತ್ತದೆ. ಎರೆಮಣ್ಣಾದರೆ ಉಬ್ಬಿ ಚಪ್ಪಡಿಯನ್ನು ಎತ್ತುತ್ತದೆ. ಓಡಾಡುವ ಮಕ್ಕಳು ಎಡವಿ ಬೀಳುವುದು ಇಂತಹ ಕಡೆಯಲ್ಲಿಯೇ.

ಇಲ್ಲಿ ಹಲವರು ಮಾಡುವ ಕೆಲಸವೆಂದರೆ ಸಂದಿಗೆ ಸಿಮೆಂಟು ಮೆತ್ತಿಸುವುದು. ಅಗ್ಗವಾಗಿ ಮುಗಿಯಿತೆಂದು ಮನೆಯ ಯಜಮಾನರು ನೆಮ್ಮದಿಪಡುತ್ತಾರೆ. ಬೇಸಗೆ ಬಂದಾಗ ಹಿಗ್ಗಿದ ಜಗಲಿಯು ಆ ಸಿಮೆಂಟಿನ ಮೂಲಕ ಅಂಚುಗಲ್ಲನ್ನು ನೂಕುತ್ತದೆ. ಅಂಚುಗಲ್ಲು ಸಡಿಲವಾಗುತ್ತದೆ, ಅದರ ಕೆಳಗಣ ಬಿಲ್ಲೆಗಳು ಉದುರುತ್ತವೆ, ಕೊನೆಗೆ ಗೋಡೆಯೇ ಸೀಳಬಹುದು.

ಮೊದಲು ಪರೀಕ್ಷೆ

ಕೊಳದ ನೀರು ಇಳಿಯುತ್ತಿದ್ದರೆ ಸೋರಿಕೆಯೋ, ಬಿಸಿಲಿಗೆ ಆರುತ್ತಿರುವುದೋ ಎಂದು ತಿಳಿಯಬೇಕು. ಮೆಟ್ಟಿಲ ಮೇಲೊಂದು ಬಕೆಟ್ಟನ್ನಿರಿಸಿ ಒಳಗೂ ಹೊರಗೂ ನೀರಿನ ಮಟ್ಟ ಸಮನಾಗಿರುವಂತೆ ತುಂಬಿ, ಗುರುತು ಹಾಕಿ, ಒಂದು ದಿನ ಬಿಡಿ. ಮಳೆಯಿಲ್ಲದ ದಿನವಾಗಿರಲಿ, ಪಂಪು ನಿಂತಿರಲಿ, ಯಾರೂ ನೀರಿಗಿಳಿಯದಿರಲಿ. ಬಕೆಟ್ಟಿಗಿಂತ ಕೊಳದಲ್ಲಿ ಹೆಚ್ಚು ಇಳಿದಿದ್ದರೆ ಸೋರಿಕೆಯುಂಟು. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ಕೊಳದಲ್ಲಿ ಒಂದೇ ಸೆಂಟಿಮೀಟರ್ ಇಳಿದರೂ ಹೋದದ್ದು 500 ಲೀಟರು. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ 33 ಕೊಡ ದಾಟುತ್ತದೆ. ಆದರೆ ಹಿಗ್ಗುಸಂದು ನೀರಿನ ಮಟ್ಟಕ್ಕಿಂತ ಮೇಲಿರುವಂಥದು. ಅದನ್ನು ಸರಿಪಡಿಸಿದ ಮಾತ್ರಕ್ಕೆ ತಳದ ಸೋರಿಕೆ ನಿಲ್ಲದು.

ಬಳಿಕ ಅಂಚುಗಲ್ಲುಗಳನ್ನು ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ನೋಡಬೇಕು. ಡೊಳ್ಳು ಸದ್ದು ಬಂದ ಕಲ್ಲನ್ನು ಎಬ್ಬಿಸಿ ಮತ್ತೆ ಕೂರಿಸಬೇಕು.

ದುರಸ್ತಿಯ ಕ್ರಮ

ಹಳೆಯ ತುಂಬುವಸ್ತುವನ್ನು, ಯಾರಾದರೂ ಮೆತ್ತಿದ್ದ ಸಿಮೆಂಟನ್ನು ಪೂರ್ತಿಯಾಗಿ ಕೆತ್ತಿ ತೆಗೆದು, ತಂತಿ ಕುಂಚದಿಂದ ಎರಡೂ ಅಂಚುಗಳನ್ನು ಉಜ್ಜಿ, ಧೂಳು ಹಾರಿಸಿ, ಚೆನ್ನಾಗಿ ಒಣಗಲು ಬಿಡಬೇಕು. ಅನಂತರ ಸಂದಿಗಿಂತ ತುಸು ದಪ್ಪನಾದ ಸ್ಪಂಜಿನ ಹುರಿಯನ್ನು ಒಳಕ್ಕೆ ಒತ್ತಬೇಕು. ಅದರ ಮೇಲೆ ಈಜುಕೊಳಕ್ಕೆ ತಕ್ಕ ಪಾಲಿಸಲ್ಫೈಡ್ ಅಥವಾ ಪಾಲಿಯುರಿಥೇನನ್ನು ಸಂದಿನ ಅಗಲದ ಅರ್ಧದಷ್ಟು ಆಳಕ್ಕೆ ಹೊಯ್ಯಬೇಕು. 12 ಮಿಲಿಮೀಟರ್ ಸಂದಿಗೆ 6 ಮಿಲಿಮೀಟರ್ ಸಾಕು.

ಹುರಿಯ ಗುಟ್ಟು ಇಲ್ಲಿದೆ: ತುಂಬುವಸ್ತು ಎರಡು ಪಕ್ಕಗಳಿಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಕೂಡದು. ತಳಕ್ಕೂ ಅಂಟಿದರೆ ಅದು ಸರಾಗವಾಗಿ ಹಿಗ್ಗಲಾರದೆ ಹರಿಯುತ್ತದೆ. ಹುರಿಯಿಡದೆ ಹಾಗೆಯೇ ಸುರಿಯುವ ಕೆಲಸಗಾರರನ್ನು ಗೃಹಸ್ಥರು ತಡೆಯಬೇಕು.

ಕೆಲಸಕ್ಕೆ ಕಾಲವೂ ಮುಖ್ಯ. ಮಧ್ಯಾಹ್ನ ಹಾಸು ಹಿಗ್ಗಿ ಸಂದು ಕಿರಿದಾಗಿರುತ್ತದೆ. ಆಗ ತುಂಬಿದ್ದು ರಾತ್ರಿಯ ತಂಪಿಗೆ ಅತಿಯಾಗಿ ಎಳೆಯಲ್ಪಡುತ್ತದೆ. ಇಬ್ಬನಿಯಾರಿದ ಮೇಲೆ, ಬಿಸಿಲೇರುವ ಮುನ್ನವೇ ಲೇಸು. ಈ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಮುಂಗಾರಿಗೆ ಮುಂಚಿನ ಮಳೆಯೂ ಉಂಟು. ಆದುದರಿಂದ ಫೆಬ್ರವರಿ, ಮಾರ್ಚ್ ತಿಂಗಳುಗಳೇ ತಕ್ಕವು. ಇದಕ್ಕಾಗಿ ಕೊಳವನ್ನು ಬರಿದುಮಾಡಬೇಕಾಗಿಲ್ಲ. ಅಂತರ್ಜಲ ಮೇಲಿರುವ ಕಡೆ ಬರಿದಾದ ಕೊಳವನ್ನು ಕೆಳಗಿನ ನೀರೇ ಎತ್ತಿ ಸೀಳಬಲ್ಲದು. ನೀರನ್ನು ಗೇಣುದ್ದ ತಗ್ಗಿಸಿ, ಹೊಯ್ದದ್ದು ಗಟ್ಟಿಯಾಗುವವರೆಗೆ, ತಯಾರಕರು ಹೇಳಿದಷ್ಟು ದಿನ, ಮಕ್ಕಳನ್ನು ದೂರವಿಟ್ಟರಾಯಿತು.

ವರ್ಷಕ್ಕೊಮ್ಮೆ ಸಂದಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ತಗ್ಗಿ ಮತ್ತೆ ಮೇಲೆದ್ದರೆ ಅದು ಇನ್ನೂ ಬದುಕಿದೆ. ಕಲ್ಲಿನಂತೆ ಗಡುಸಾಗಿದ್ದರೆ ಮುಂದಿನ ಮಳೆಗೆ ಮುನ್ನವೇ ಕೆಲಸಗಾರನಿಗೆ ಹೇಳಿಕಳುಹಿಸಿ.