ಗುರುತಿಟ್ಟ ಬರಹವನ್ನು ಗಣಕಯಂತ್ರವು ಓದುವ ಬಗೆ

ನರಗುಂದದಿಂದ ಹೊರಟು ರೋಣದ ಮಾರ್ಗವಾಗಿ ಗಜೇಂದ್ರಗಡಕ್ಕೆ ಹೋಗುವ ರಾತ್ರಿಯ ಬಸ್ಸೊಂದನ್ನು ಊಹಿಸಿಕೊಳ್ಳೋಣ. ಗದಗ ಜಿಲ್ಲೆಯ ಉತ್ತರಭಾಗದಲ್ಲಿರುವ ಈ ಮೂರು ಊರುಗಳು ಪಡುವಣದಿಂದ ಮೂಡಣಕ್ಕೆ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲೆ ಸಾಲಾಗಿ ನಿಂತಿವೆ. ರೋಣದಲ್ಲಿ ಇಳಿಯಬೇಕಾದ ಪ್ರಯಾಣಿಕನು ಕಿಟಕಿಯ ಪಕ್ಕದಲ್ಲಿ ಎಚ್ಚರವಾಗಿ ಕುಳಿತು ಬರುವ ಪ್ರತಿಯೊಂದು ಊರನ್ನೂ ತಾನೇ ಗುರುತಿಸಬಹುದು. ಅಥವಾ "ರೋಣ ಬಂದಾಗ ನನ್ನನ್ನು ಎಬ್ಬಿಸಿ" ಎಂದು ಕಂಡಕ್ಟರನಿಗೆ ಹೇಳಿ ನಿಶ್ಚಿಂತೆಯಿಂದ ಮಲಗಬಹುದು. ಈ ಎರಡನೆಯ ಏರ್ಪಾಡಿನಲ್ಲಿ ಒಂದು ವಿಶೇಷವಿದೆ. ಇಲ್ಲಿ ಪ್ರಯಾಣಿಕನು ಕಂಡಕ್ಟರನನ್ನು ಮತ್ತೆ ಮತ್ತೆ ಕೂಗಿ ಕೇಳುವುದಿಲ್ಲ. ತಕ್ಕ ಸಮಯ ಬಂದಾಗ ಕಂಡಕ್ಟರನೇ ಪ್ರಯಾಣಿಕನನ್ನು ಕೂಗುತ್ತಾನೆ.

ಗಣಕಯಂತ್ರಗಳಿಗೆ ಕ್ರಮವಿಧಿ ಬರೆಯುವವರು ಇಂಥ ಏರ್ಪಾಡಿಗೆ ಕಾಲ್‌ಬ್ಯಾಕ್ ಎಂದು ಹೆಸರಿಟ್ಟಿದ್ದಾರೆ. ನಾವು ಇದನ್ನು ಮರುಕರೆ ಎನ್ನೋಣ. ಬಹು ದೊಡ್ಡ ಬರಹವೊಂದನ್ನು ಬಹು ಚಿಕ್ಕ ಯಂತ್ರವು ಓದಿ ಮುಗಿಸುವುದಕ್ಕೆ ಈ ಮರುಕರೆಯು ಹೇಗೆ ನೆರವಾಗುತ್ತದೆ, ಆ ನೆರವಿಗೆ ನಾವು ತೆರಬೇಕಾದ ಬೆಲೆ ಯಾವುದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡೋಣ.

ಗುರುತಿಟ್ಟ ಬರಹವೆಂದರೇನು?

ಮನುಷ್ಯನು ಪುಸ್ತಕವನ್ನು ತೆರೆದೊಡನೆ ಯಾವುದು ಶೀರ್ಷಿಕೆ, ಯಾವುದು ಒಡಲು ಎಂಬುದನ್ನು ಅಕ್ಷರಗಳ ಗಾತ್ರದಿಂದಲೇ ತಿಳಿದುಕೊಳ್ಳುತ್ತಾನೆ. ಯಂತ್ರಕ್ಕೆ ಆ ವಿವೇಚನೆಯಿಲ್ಲ. ಆದುದರಿಂದ ಬರಹದ ಒಂದೊಂದು ಭಾಗದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಗುರುತುಗಳನ್ನು ಇಡಬೇಕಾಗುತ್ತದೆ. ೧೯೬೯ರಲ್ಲಿ ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಎಂಬುವರು ಇಂಥ ಗುರುತುಗಳ ಒಂದು ಪದ್ಧತಿಯನ್ನು ರೂಪಿಸಿದರು. ಅದರಿಂದ ಬೆಳೆದುಬಂದ ಎಸ್‌ಜಿಎಂಎಲ್ ಎಂಬ ಪದ್ಧತಿಯು ೧೯೮೬ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದನ್ನೇ ಸರಳಗೊಳಿಸಿದ ಎಕ್ಸ್‌ಎಂಎಲ್ ಎಂಬ ಪದ್ಧತಿಯು ೧೯೯೮ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಇದರಲ್ಲಿ ಗುರುತುಗಳಿಗೆ ಇಡುವ ಹೆಸರುಗಳು ಕನ್ನಡದಲ್ಲಿಯೂ ಇರಬಹುದು. ಒಂದು ಉದಾಹರಣೆಯನ್ನು ನೋಡೋಣ:

<ಪುಟ>
<ಶೀರ್ಷಿಕೆ>ರೋಣ</ಶೀರ್ಷಿಕೆ>
<ಸಂಖ್ಯೆ>೧</ಸಂಖ್ಯೆ>
<ಆವೃತ್ತಿ>
<ಸಂಖ್ಯೆ>೭</ಸಂಖ್ಯೆ>
<ಪಠ್ಯ>ಗದಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ</ಪಠ್ಯ>
</ಆವೃತ್ತಿ>
</ಪುಟ>

ಕೋನಾಕಾರದ ಆವರಣದೊಳಗಿನ ಹೆಸರೇ ಟ್ಯಾಗ್. ಓರೆಗೆರೆಯಿಲ್ಲದ ಟ್ಯಾಗು ಒಂದು ಭಾಗದ ಆರಂಭವನ್ನೂ, ಓರೆಗೆರೆಯುಳ್ಳ ಟ್ಯಾಗು ಅದರ ಮುಕ್ತಾಯವನ್ನೂ ಸೂಚಿಸುತ್ತದೆ. ಒಂದು ಭಾಗದೊಳಗೆ ಇನ್ನೊಂದು ಭಾಗ ಇರಬಹುದು. ಆದರೆ ಒಳಗಿನದು ಮುಗಿಯುವ ಮೊದಲು ಹೊರಗಿನದು ಮುಗಿಯಲಾಗದು.

ಇದು ಕೇವಲ ಕಲ್ಪನೆಯ ಮಾತಲ್ಲ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇಂದು ೩೦,೦೦೦ಕ್ಕೂ ಹೆಚ್ಚು ಲೇಖನಗಳಿವೆ. ಅವೆಲ್ಲವನ್ನೂ ಒಂದೇ ಎಕ್ಸ್‌ಎಂಎಲ್ ಕಡತವಾಗಿ ಯಾರು ಬೇಕಾದರೂ ಉಚಿತವಾಗಿ ಪಡೆದುಕೊಳ್ಳಬಹುದು. ಅದರಲ್ಲಿನ ಟ್ಯಾಗುಗಳ ಹೆಸರುಗಳು ಇಂಗ್ಲಿಷಿನಲ್ಲಿವೆ. ರಚನೆ ಮಾತ್ರ ಮೇಲಿನ ಉದಾಹರಣೆಯನ್ನು ಬಹುಮಟ್ಟಿಗೆ ಹೋಲುತ್ತದೆ.

ಕೆರೆ ಮತ್ತು ಕಾಲುವೆ

ಈಗ ರೋಣದ ವಿದ್ಯಾರ್ಥಿಯೊಬ್ಬನು ತನ್ನ ಸೀಮೆಯ ಬಗೆಗೆ ಕನ್ನಡದಲ್ಲಿ ಏನೇನು ಬರೆದಿದ್ದಾರೆಂದು ತಿಳಿಯಲು ಹೊರಟನೆಂದು ಇಟ್ಟುಕೊಳ್ಳೋಣ. ರೋಣ, ನರಗುಂದ, ಗಜೇಂದ್ರಗಡ ಎಂಬ ಶೀರ್ಷಿಕೆಗಳುಳ್ಳ ಪುಟಗಳನ್ನು ಆ ಮಹಾಕಡತದಿಂದ ಆರಿಸಿ ತೆಗೆಯುವುದು ಅವನ ಉದ್ದೇಶ. ಅವನಲ್ಲಿರುವುದು ಹಳೆಯದೊಂದು ಗಣಕಯಂತ್ರ. ಅದರ ಸ್ಮರಣಕೋಶ ಚಿಕ್ಕದು.

ಮೊದಲು ತೋರುವ ಉಪಾಯವೆಂದರೆ ಕಡತವನ್ನೆಲ್ಲ ಸ್ಮರಣಕೋಶಕ್ಕೆ ತಂದು, ಅದರ ಭಾಗ ಉಪಭಾಗಗಳನ್ನು ಕೊಂಬೆ ರೆಂಬೆಗಳುಳ್ಳ ಒಂದು ಮರದಂತೆ ಜೋಡಿಸಿಕೊಂಡು, ಆಮೇಲೆ ಬೇಕಾದ ಕೊಂಬೆಯನ್ನು ಹುಡುಕುವುದು. ಡಾಮ್ ಎಂದು ಕರೆಯುವ ಈ ಪದ್ಧತಿಗೆ ೧೯೯೮ರ ಅಕ್ಟೋಬರಿನಲ್ಲಿ ಮಾನಕರೂಪ ದೊರೆಯಿತು. ಚಿಕ್ಕ ಕಡತಗಳಿಗೆ ಇದು ಬಹಳ ಅನುಕೂಲ, ಏಕೆಂದರೆ ಮರದಲ್ಲಿ ಹಿಂದಕ್ಕೂ ಮುಂದಕ್ಕೂ ಇಚ್ಛೆಯಂತೆ ಸಂಚರಿಸಬಹುದು. ಆದರೆ ಪ್ರತಿಯೊಂದು ಕೊಂಬೆಯ ಲೆಕ್ಕವನ್ನೂ ಇಡಬೇಕಾಗುವುದರಿಂದ ಮರವು ಅನೇಕವೇಳೆ ಮೂಲ ಕಡತದ ಹಲವು ಪಟ್ಟು ಸ್ಥಳವನ್ನು ನುಂಗುತ್ತದೆ. ನಮ್ಮ ವಿದ್ಯಾರ್ಥಿಯ ಯಂತ್ರವು ಅರ್ಧದಾರಿಯಲ್ಲಿಯೇ ಏದುಸಿರುಬಿಟ್ಟು ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟು ನರಗುಂದದ ಕಡೆಗೆ ಬರುವ ಮಲಪ್ರಭಾ ಕಾಲುವೆಯನ್ನು ಓದುಗರಲ್ಲಿ ಹಲವರು ಕಂಡಿರಬಹುದು. ಅದರಲ್ಲಿ ದಿನಕ್ಕೆ ಎಷ್ಟು ನೀರು ಹರಿಯಿತೆಂದು ತಿಳಿಯಬೇಕಾದರೆ ಆ ನೀರನ್ನೆಲ್ಲ ಒಂದು ಕೆರೆಗೆ ತುಂಬಿ ಅಳೆಯಬೇಕೆ? ಬೇಕಿಲ್ಲ. ದಡದಲ್ಲೊಂದು ಅಳತೆಗೋಲು ನೆಟ್ಟು, ಹರಿದುಹೋಗುವ ನೀರನ್ನು ಹರಿಯುವಾಗಲೇ ಗಮನಿಸಿದರೆ ಸಾಕು. ಬರಹವನ್ನೂ ಹೀಗೆಯೇ ಓದಬಹುದಲ್ಲವೆ?

ಓದಬಹುದು. ಹಾಗೆ ಓದುವ ಒಂದು ವಿಧಾನವನ್ನು ಡೇವಿಡ್ ಮೆಗಿನ್ಸನ್ ಎಂಬವರ ಮುಂದಾಳುತನದಲ್ಲಿ ಅನೇಕರು ಕೂಡಿ ಚರ್ಚಿಸಿ ರೂಪಿಸಿ, ೧೯೯೮ರ ಮೇ ತಿಂಗಳಲ್ಲಿ ಹೊರತಂದರು. ಅದರ ಹೆಸರು ಸ್ಯಾಕ್ಸ್. ಯಾವ ಅಧಿಕೃತ ಮಾನಕ ಸಂಸ್ಥೆಯ ಮುದ್ರೆಯೂ ಇಲ್ಲದೆ, ಕೇವಲ ಬಳಕೆಯ ಬಲದಿಂದಲೇ ಅದು ಎಲ್ಲೆಡೆ ಹರಡಿತು.

ಘಟನೆಗಳ ಸರಣಿ

ಸ್ಯಾಕ್ಸ್ ವಿಧಾನದಲ್ಲಿ ಕಡತವನ್ನು ಓದುವ ಕೆಲಸ ಪಾರ್ಸರ್ ಎಂಬ ಸಿದ್ಧ ಕ್ರಮವಿಧಿಯದು. ಅದೇ ನಮ್ಮ ಕಂಡಕ್ಟರ್. ಅದು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಮಾತ್ರ ಸಾಗುತ್ತದೆ, ಹಿಂದಿರುಗಿ ನೋಡುವುದಿಲ್ಲ. ದಾರಿಯಲ್ಲಿ ಕಂಡದ್ದನ್ನು ಮುಖ್ಯವಾಗಿ ಮೂರು ಬಗೆಯ ಘಟನೆಗಳಾಗಿ ಸಾರುತ್ತದೆ: ಒಂದು ಭಾಗ ಆರಂಭವಾಯಿತು, ಇಷ್ಟು ಅಕ್ಷರಗಳು ಬಂದವು, ಒಂದು ಭಾಗ ಮುಗಿಯಿತು. ಈ ಒಂದೊಂದು ಬಗೆಯ ಘಟನೆ ಸಂಭವಿಸಿದಾಗಲೂ ಏನು ಮಾಡತಕ್ಕದ್ದೆಂಬ ಸೂಚನೆಯನ್ನು ನಾವು ಮುಂಚಿತವಾಗಿಯೇ ಬರೆದು ಪಾರ್ಸರಿಗೆ ಒಪ್ಪಿಸಿರುತ್ತೇವೆ. ಆ ಸೂಚನೆಗಳೇ ಮರುಕರೆಗಳು.

ಮೇಲ್ಕಂಡ ಉದಾಹರಣೆಯನ್ನು ಪಾರ್ಸರು ಓದಿದಾಗ ನಮಗೆ ಕೇಳಿಸುವುದು ಹೀಗೆ: "ಪುಟ ಆರಂಭ, ಶೀರ್ಷಿಕೆ ಆರಂಭ, ಅಕ್ಷರಗಳು, ರೋಣ, ಶೀರ್ಷಿಕೆ ಮುಕ್ತಾಯ, ಸಂಖ್ಯೆ ಆರಂಭ, ಅಕ್ಷರಗಳು, ೧, ಸಂಖ್ಯೆ ಮುಕ್ತಾಯ, ಆವೃತ್ತಿ ಆರಂಭ..." ಸಾಲುಗಳ ನಡುವಣ ತೆರವು ಕೂಡ ಅಕ್ಷರಗಳೆಂದೇ ವರದಿಯಾಗುತ್ತದೆ, ಅದನ್ನು ನಾವು ಅಲಕ್ಷಿಸಬಹುದು. ಒಂದು ಘಟನೆಯನ್ನು ಸಾರಿದ ಮೇಲೆ ಪಾರ್ಸರು ಅದನ್ನು ಮರೆತುಬಿಡುತ್ತದೆ. ಆದುದರಿಂದಲೇ ಕಡತವು ಎಷ್ಟೇ ದೊಡ್ಡದಿರಲಿ, ಅದಕ್ಕೆ ಬೇಕಾಗುವ ಸ್ಮರಣಕೋಶ ಅತ್ಯಲ್ಪ.

ಆದರೆ ಇಲ್ಲೊಂದು ತೊಡಕುಂಟು. ಉದಾಹರಣೆಯಲ್ಲಿ "ಸಂಖ್ಯೆ" ಎಂಬ ಟ್ಯಾಗು ಎರಡು ಕಡೆ ಬಂದಿದೆ. ಮೊದಲನೆಯದು ಪುಟದ ಸಂಖ್ಯೆ, ಎರಡನೆಯದು ಆವೃತ್ತಿಯ ಸಂಖ್ಯೆ. ವಿಕಿಪೀಡಿಯದ ಕಡತದಲ್ಲಿಯೂ ಇದೇ ಪರಿಸ್ಥಿತಿ. ಅಲ್ಲಿ ಪುಟಕ್ಕೊಂದು, ಆವೃತ್ತಿಗೊಂದು, ಬರೆದವರಿಗೊಂದು ಸಂಖ್ಯೆಯಿದ್ದು ಮೂರಕ್ಕೂ ಟ್ಯಾಗು ಒಂದೇ. ಪಾರ್ಸರು "ಸಂಖ್ಯೆ ಆರಂಭವಾಯಿತು" ಎಂದು ಹೇಳುವುದೇ ಹೊರತು ಯಾವುದರ ಸಂಖ್ಯೆಯೆಂದು ಹೇಳುವುದಿಲ್ಲ. ಅದನ್ನು ನೆನಪಿಡಬೇಕಾದವರು ನಾವು.

ಇದಕ್ಕೆ ಸ್ಟ್ಯಾಕ್ ಎಂಬ ಸುಲಭ ಸಾಧನವಿದೆ. ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿದ ಜೋಳದ ರೊಟ್ಟಿಗಳನ್ನು ನೆನೆಯಿರಿ. ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕು. ಒಂದು ಭಾಗ ಆರಂಭವಾದಾಗ ಅದರ ಹೆಸರನ್ನು ಮೇಲೆ ಪೇರಿಸುವುದು, ಮುಗಿದಾಗ ತೆಗೆದುಹಾಕುವುದು. "ಸಂಖ್ಯೆ"ಯ ಕೆಳಗೆ "ಪುಟ" ಇದ್ದರೆ ಅದು ಪುಟದ ಸಂಖ್ಯೆ. "ಆವೃತ್ತಿ" ಇದ್ದರೆ ಆವೃತ್ತಿಯ ಸಂಖ್ಯೆ. ಸಾವಿರಾರು ಪುಟಗಳು ಹಾದುಹೋದರೂ ಬುಟ್ಟಿಯಲ್ಲಿರುವ ರೊಟ್ಟಿಗಳು ನಾಲ್ಕೈದನ್ನು ಮೀರವು.

ಗಜೇಂದ್ರಗಡವೆಲ್ಲಿ?

ನಮ್ಮ ವಿದ್ಯಾರ್ಥಿಯು ಹೀಗೆ ಕ್ರಮವಿಧಿಯನ್ನು ಬರೆದನೆನ್ನೋಣ. ಅಕ್ಷರಗಳ ಘಟನೆ ಬಂದೊಡನೆ, ಬಂದ ಅಕ್ಷರಗಳು ಮೂರು ಹೆಸರುಗಳಲ್ಲಿ ಒಂದಕ್ಕೆ ಸಮವೇ ಎಂದು ಅವನು ಹೋಲಿಸುತ್ತಾನೆ. ಹತ್ತಿಪ್ಪತ್ತು ಪುಟಗಳ ಚಿಕ್ಕ ಕಡತದ ಮೇಲೆ ಪರೀಕ್ಷಿಸಿದಾಗ ಮೂರೂ ಊರುಗಳು ಸಿಕ್ಕವು. ಸಂತೋಷದಿಂದ ಮಹಾಕಡತವನ್ನು ಓದಿಸಿದಾಗ ರೋಣ ಸಿಕ್ಕಿತು, ನರಗುಂದ ಸಿಕ್ಕಿತು, ಗಜೇಂದ್ರಗಡ ಸಿಕ್ಕಲಿಲ್ಲ. ಯಂತ್ರವು ಯಾವ ದೋಷವನ್ನೂ ಸೂಚಿಸಲಿಲ್ಲ. ಹಾಗಾದರೆ ಗಜೇಂದ್ರಗಡದ ವಿಷಯ ಕನ್ನಡದಲ್ಲಿ ಯಾರೂ ಬರೆದಿಲ್ಲವೆಂದು ತೀರ್ಮಾನಿಸಬಹುದೆ?

ತೀರ್ಮಾನಿಸುವ ಮುನ್ನ ಪಾರ್ಸರು ಕಡತವನ್ನು ಹೇಗೆ ಓದುತ್ತದೆಂಬುದನ್ನು ಗಮನಿಸಬೇಕು. ಅದು ಕಡತವನ್ನು ತುಂಡು ತುಂಡಾಗಿ ಎತ್ತಿಕೊಳ್ಳುತ್ತದೆ. ತುಂಡಿನ ಅಂಚು ಎಲ್ಲಿ ಬೀಳುತ್ತದೆಂಬುದಕ್ಕೂ ಬರಹದ ಅರ್ಥಕ್ಕೂ ಸಂಬಂಧವಿಲ್ಲ. ಅಂಚು ಒಂದು ಹೆಸರಿನ ನಡುವೆಯೇ ಬಿದ್ದರೆ, ಪಾರ್ಸರು ಮೊದಲು "ಗಜೇಂ" ಎಂದು ಸಾರಿ, ಮುಂದಿನ ತುಂಡನ್ನು ತಂದ ಮೇಲೆ "ದ್ರಗಡ" ಎಂದು ಇನ್ನೊಮ್ಮೆ ಸಾರುತ್ತದೆ. ಸ್ಯಾಕ್ಸ್ ನಿಯಮದ ಪ್ರಕಾರ ಇದು ತಪ್ಪಲ್ಲ. ಒಂದೇ ಪಠ್ಯವನ್ನು ಎಷ್ಟು ಕಂತುಗಳಲ್ಲಿಯಾದರೂ ಒಪ್ಪಿಸುವ ಸ್ವಾತಂತ್ರ್ಯ ಪಾರ್ಸರಿಗಿದೆ. "ಗಜೇಂ" ಎಂಬ ಊರೂ ಇಲ್ಲ, "ದ್ರಗಡ" ಎಂಬ ಊರೂ ಇಲ್ಲ. ಹೋಲಿಕೆ ಎರಡು ಸಲವೂ ಸೋತು, ಊರು ಮೌನವಾಗಿ ಹಾದುಹೋಯಿತು.

ಇದು ಎಷ್ಟು ಅಪರೂಪವೆಂಬುದನ್ನು ಲೆಕ್ಕಹಾಕೋಣ. ಇಂದು ಬಹುವಾಗಿ ಬಳಕೆಯಲ್ಲಿರುವ ಯೂನಿಕೋಡಿನ ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ೩ ಬೈಟುಗಳು ಬೇಕು. "ರೋಣ"ದಲ್ಲಿ ರಕಾರ, ಓಕಾರದ ಚಿಹ್ನೆ, ಣಕಾರ ಹೀಗೆ ೩ ಸಂಕೇತಗಳು, "ನರಗುಂದ"ದಲ್ಲಿ ೬, "ಗಜೇಂದ್ರಗಡ"ದಲ್ಲಿ ೯. ಅಂದರೆ ಇವುಗಳ ಉದ್ದ ಕ್ರಮವಾಗಿ ೯, ೧೮ ಮತ್ತು ೨೭ ಬೈಟುಗಳು. ಹೆಸರು ಉದ್ದವಾದಷ್ಟೂ ಅಂಚಿಗೆ ಸಿಲುಕುವ ಸಂಭವ ಹೆಚ್ಚು. ತುಂಡೊಂದು ೬೫,೫೩೬ ಬೈಟುಗಳಷ್ಟಿದ್ದರೆ, ೨೭ ಬೈಟುಗಳ ಹೆಸರು ತುಂಡಾಗುವ ಸಂಭವ ಸುಮಾರು ೨,೫೦೦ರಲ್ಲಿ ಒಂದು. ಇಷ್ಟು ಚಿಕ್ಕ ಸಂಭವವು ಹತ್ತಿಪ್ಪತ್ತು ಪುಟಗಳ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಇಷ್ಟೇ ಉದ್ದದ ೩೦,೦೦೦ ಶೀರ್ಷಿಕೆಗಳಿದ್ದರೆ, ಅವುಗಳಲ್ಲಿ ಹತ್ತು ಹನ್ನೆರಡಾದರೂ ಹೀಗೆ ಕಳೆದುಹೋಗುವುವು.

ಅಂಚು ಒಂದೇ ಸಂಕೇತದ ೩ ಬೈಟುಗಳ ನಡುವೆ ಬಿದ್ದರೇನು ಗತಿ ಎಂದು ಚುರುಕಾದ ಓದುಗರು ಕೇಳಬಹುದು. ಆ ಚಿಂತೆ ನಮಗಿಲ್ಲ. ಅರೆಬರೆ ಬೈಟುಗಳನ್ನು ಪಾರ್ಸರು ತನ್ನಲ್ಲಿಯೇ ಇಟ್ಟುಕೊಂಡು, ಸಂಕೇತವು ಪೂರ್ಣವಾದ ಮೇಲೆಯೇ ನಮಗೆ ಒಪ್ಪಿಸುತ್ತದೆ. ಅದು ಅಕ್ಷರವನ್ನು ಒಡೆಯದು, ಹೆಸರನ್ನು ಒಡೆಯಬಹುದು.

ಪರಿಹಾರವು ಸುಲಭ. ಶೀರ್ಷಿಕೆ ಆರಂಭವಾದಾಗ ಒಂದು ಖಾಲಿ ಚೀಲವನ್ನು ತೆರೆಯುವುದು. ಅಕ್ಷರಗಳು ಎಷ್ಟು ಕಂತುಗಳಲ್ಲಿ ಬಂದರೂ ಚೀಲಕ್ಕೆ ಸೇರಿಸುತ್ತ ಹೋಗುವುದು. "ಶೀರ್ಷಿಕೆ ಮುಕ್ತಾಯ" ಎಂಬ ಘಟನೆ ಬಂದ ಮೇಲೆಯೇ ಚೀಲದಲ್ಲಿರುವುದನ್ನು ಹೋಲಿಸುವುದು. ಕ್ರಮವಿಧಿಗೆ ಎರಡು ಮೂರು ಸಾಲು ಹೆಚ್ಚುವುದಷ್ಟೆ. ಗಜೇಂದ್ರಗಡವು ಮತ್ತೆ ಸಿಕ್ಕುತ್ತದೆ.

ಸಿಕ್ಕಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ

ಮರುಕರೆಯ ಗುಣದೋಷಗಳು ಈಗ ಸ್ಪಷ್ಟವಾದಂತಾಯಿತು. ಅದು ಸ್ಥಳವನ್ನು ಉಳಿಸುತ್ತದೆ. ಕಡತ ಮುಗಿಯುವುದನ್ನು ಕಾಯದೆ ಮೊದಲ ಪುಟದಿಂದಲೇ ಫಲವನ್ನು ಕೊಡುತ್ತದೆ. ಆದರೆ ನೆನಪಿಡುವ ಹೊಣೆಯನ್ನು ಯಂತ್ರದಿಂದ ತೆಗೆದು ನಮ್ಮ ಹೆಗಲಿಗೆ ಹಾಕುತ್ತದೆ. ಇನ್ನೊಂದು ಮಾತೂ ಉಂಟು. ಕಡತದ ಕೊನೆಯಲ್ಲೆಲ್ಲೋ ಒಂದು ಮುಕ್ತಾಯದ ಟ್ಯಾಗು ಬಿಟ್ಟುಹೋಗಿದ್ದರೆ, ಅದು ತಿಳಿಯುವ ವೇಳೆಗೆ ಹಿಂದಿನ ಪುಟಗಳ ಮೇಲೆ ನಾವು ಆಗಲೇ ಕೆಲಸ ಮಾಡಿಬಿಟ್ಟಿರುತ್ತೇವೆ. ಆದುದರಿಂದ ಚಿಕ್ಕ ಕಡತಗಳಿಗೂ, ಹಿಂದೆ ಮುಂದೆ ನೋಡಬೇಕಾದ ಕೆಲಸಗಳಿಗೂ ಮರದ ಪದ್ಧತಿಯೇ ಲೇಸು. ಬೃಹತ್ ಕಡತದಿಂದ ಸ್ವಲ್ಪವನ್ನು ಆರಿಸಬೇಕಾದಾಗ ಮರುಕರೆಯೇ ಲೇಸು.

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಗ್ಯಾಲ್ವನಾಮೀಟರಿನ ಮುಳ್ಳು ಅಲುಗದಿದ್ದರೆ ನಾವು ಕೂಡಲೆ "ವಿದ್ಯುತ್ತು ಇಲ್ಲ" ಎಂದು ಬರೆಯುವುದಿಲ್ಲ. ತಂತಿ ಸಡಿಲವಾಗಿದೆಯೇ ಎಂದು ಮೊದಲು ನೋಡುತ್ತೇವೆ. ಯಂತ್ರವು ಹುಡುಕಿ "ಸಿಕ್ಕಲಿಲ್ಲ" ಎಂದಾಗಲೂ ಇದೇ ಎಚ್ಚರ ಬೇಕು. ಊರೊಂದರ ವಿಷಯ ಬರಹವೇ ಇಲ್ಲವೆಂಬುದು ಬೇರೆ, ಇದ್ದ ಬರಹವನ್ನು ನಾವು ಓದಲಿಲ್ಲವೆಂಬುದು ಬೇರೆ. ಇಂದು ಎಷ್ಟೋ ಪಟ್ಟಿಗಳನ್ನು ಯಂತ್ರಗಳೇ ಓದಿ ಹೆಸರುಗಳನ್ನು ಆರಿಸುತ್ತಿರುವಾಗ, ಈ ಭೇದವನ್ನು ಮರೆತರೆ ನಷ್ಟವಾಗುವುದು ಪಟ್ಟಿಯಿಂದ ಬಿಟ್ಟುಹೋದವರಿಗೆ.

ಪೈಥಾನ್ ಎಂಬ ಗಣಕಭಾಷೆಯೊಡನೆ ಸ್ಯಾಕ್ಸ್ ಸಲಕರಣೆಯು ಉಚಿತವಾಗಿಯೇ ಬರುತ್ತದೆ. ಆಸಕ್ತಿಯುಳ್ಳ ವಿದ್ಯಾರ್ಥಿಗಳು ತಮ್ಮ ಊರಿನ ಹೆಸರಿನಿಂದಲೇ ಹುಡುಕಾಟವನ್ನು ಆರಂಭಿಸಬಹುದು. ಕಂಡಕ್ಟರನಿಗೆ ಹೇಳಿ ಮಲಗುವುದು ಸುಖವೇ ಸರಿ. ಆದರೆ ಅವನು ನಮ್ಮ ಊರಿನ ಹೆಸರನ್ನು ಎರಡು ಉಸಿರಿನಲ್ಲಿ ಕೂಗಿದರೂ ಎಚ್ಚರಗೊಳ್ಳುವಂತೆ ನಾವು ಮಲಗಿರಬೇಕು.